ನೂರ ಮೂವತ್ತೊಂದು ಮನೆಗಳ ಪಟ್ಟಿ

ರುಕ್ಮಣಿ ಬೀದಿಗೆ ಕಾಲಿಟ್ಟ ಕೂಡಲೇ ಮಗ್ಗಗಳು ಒಂದೊಂದಾಗಿ ನಿಂತವು.

ಕರುಮತ್ತಂಪಟ್ಟಿಯಲ್ಲಿ, ತಮಿಳು ಬೆರೆತ ಕನ್ನಡವನ್ನು ಮನೆಮಾತಾಗಿ ಆಡುವ ನೇಕಾರರ ಆ ಬೀದಿಯಲ್ಲಿ, ಅವರು ತರಿ ಎನ್ನುವ ವಿದ್ಯುತ್ ಮಗ್ಗಗಳ ಸದ್ದು ಹಗಲಿರುಳೂ ಇರುತ್ತಿತ್ತು. ಎಳೆ ಮಕ್ಕಳು ಆ ಸದ್ದಿನಲ್ಲೇ ನಿದ್ದೆಹೋಗುತ್ತಿದ್ದವು, ನಿಂತರೆ ಎಚ್ಚೆತ್ತು ಅಳುತ್ತಿದ್ದವು. ಸರ್ಕಾರದ ಜೀಪು ಹೆದ್ದಾರಿಯಿಂದ ಇತ್ತ ತಿರುಗಿತು ಎಂಬ ಸುದ್ದಿ ಬಂದರೆ ಮಾತ್ರ ಬೀದಿ ಉಸಿರು ಹಿಡಿದಂತೆ ಸುಮ್ಮನಾಗುತ್ತಿತ್ತು. ಆ ದಿನ ಜೀಪು ಬಂದಿರಲಿಲ್ಲ. ಬಂದವಳು ಅದೇ ಬೀದಿಯ ಕೊನೆಯ ಮನೆಯ ಚೆನ್ನಕೇಶವನ್ ಅವರ ಮಗಳು. ದಿನಾ ಬೆಳಿಗ್ಗೆ ಗಾಂಧಿಪುರಂ ಬಸ್ಸು ಹತ್ತಿ ಕೊಯಮತ್ತೂರಿನ ಕಚೇರಿಗೆ ಹೋಗಿ, ಸಂಜೆ ಅದೇ ಬಸ್ಸಿನಲ್ಲಿ ಮರಳುತ್ತಿದ್ದವಳು. ಇವತ್ತು ಕಂಕುಳಲ್ಲಿ ಕಾಗದದ ಕಟ್ಟು ಇತ್ತು. ಅಷ್ಟಕ್ಕೇ ಮಗ್ಗಗಳು ನಿಂತಿದ್ದವು.

ಅದು ಸಾವಿರದ ಒಂಬೈನೂರ ಎಂಬತ್ತಾರನೇ ಇಸವಿಯ ತೈ ತಿಂಗಳು. ಪೊಂಗಲ್ ಕಳೆದು ವಾರವಾಗಿತ್ತು.

ಅವಳು ಆ ಕಾಗದ ಹಿಡಿದು ಬಂದ ಕಾರಣ ಹೇಳಬೇಕಾದರೆ ಕುಪ್ಪಮ್ಮನಿಂದ ಶುರುಮಾಡಬೇಕು. ಕುಪ್ಪಮ್ಮ ಪಕ್ಕದ ಬೀದಿಯವಳು, ರುಕ್ಮಣಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಐದನೇ ತರಗತಿಯವರೆಗೆ ಓದಿದವಳು. ಮೂರು ತಿಂಗಳ ಹಿಂದೆ, ಐಪ್ಪಸಿ ತಿಂಗಳ ಮಳೆಯಲ್ಲಿ ಒಂದು ಮಧ್ಯಾಹ್ನ ನೆನೆದ ಗೋಡೆಗೆ ಕೈಯೂರಿ ಒಳಗೆ ಬಾಗಿದವಳು ಮತ್ತೆ ಏಳಲಿಲ್ಲ. ಆ ಗೋಡೆಯ ಮೇಲೆ ಪಕ್ಕದ ಮನೆಯಿಂದ ಎಳೆದ ತಂತಿ ಹಾದುಹೋಗಿತ್ತು. ಅವಳ ಗಂಡ ನಡೆಸುತ್ತಿದ್ದ ಎರಡು ಮಗ್ಗಗಳಿಗೆ ಸರ್ಕಾರದ ಅನುಮತಿ ಇರಲಿಲ್ಲ. ಅನುಮತಿ ಇಲ್ಲದ ಮಗ್ಗಕ್ಕೆ ಕರೆಂಟು ಕೊಡುತ್ತಿರಲಿಲ್ಲ. ಅನುಮತಿ ವರ್ಷಗಳಿಂದ ಯಾರಿಗೂ ಸಿಕ್ಕಿರಲಿಲ್ಲ. ಹೀಗಾಗಿ ಕರೆಂಟಿದ್ದ ಒಂದು ಮನೆಯಿಂದ ಇಲ್ಲದ ಐದು ಮನೆಗೆ, ಹಂಚಿನ ಮೇಲೆ, ಬೇವಿನ ಕೊಂಬೆಯ ಮೇಲೆ, ತಂತಿ ಹಬ್ಬಿಕೊಂಡಿತ್ತು.

ಮಗ್ಗಗಳಿಗೆ ಅನುಮತಿ ಕೊಡಬೇಕಾದ ಕಚೇರಿಯಲ್ಲೇ ರುಕ್ಮಣಿ ಕಿರಿಯ ಸಹಾಯಕಿ. ಕುಪ್ಪಮ್ಮನ ಸಾವಿನ ವರದಿ ತಿಂಗಳಾದ ಮೇಲೆ ಅವಳ ಮೇಜಿಗೇ ಬಂತು. ಕೊನೆಯಲ್ಲಿ ಒಂದೇ ಸಾಲು: ಅನುಮತಿಯಿಲ್ಲದ ಸಂಪರ್ಕದಿಂದ ಆದ ಮರಣ, ಇಲಾಖೆಯ ಹೊಣೆಯಿಲ್ಲ, ಕಡತ ಮುಕ್ತಾಯ. ಅವಳು ಅದನ್ನು ನೋಂದಣಿ ಪುಸ್ತಕದಲ್ಲಿ ಬರೆದುಕೊಂಡು ದಾಖಲೆ ಕೋಣೆಗೆ ಕಳಿಸಬೇಕಿತ್ತು. ಬರೆದುಕೊಂಡಳು, ಕಳಿಸಿದಳು. ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಅದೇ ದಿನಗಳಲ್ಲಿ ಕಚೇರಿಗೆ ಸುಬ್ಬಯ್ಯನ್ ಬಂದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯ ಅಧಿಕಾರಿ. ಸಣ್ಣ ಉದ್ಯಮಗಳಿಗೆ ಅನುಮತಿ ಕೊಡುವ ಕ್ರಮವನ್ನು ಹೇಗೆ ಸರಳ ಮಾಡಬಹುದು ಎಂದು ನೋಡಲು ಸರ್ಕಾರ ಒಂದು ಸಮಿತಿ ಮಾಡಿ, ಇವರನ್ನು ಅದರ ಮುಖ್ಯಸ್ಥರನ್ನಾಗಿ ಕಳಿಸಿತ್ತು. ಅಂಥ ಸಮಿತಿಗಳನ್ನು ಕಚೇರಿ ಬೇಕಾದಷ್ಟು ಕಂಡಿತ್ತು. ಸೂಪರಿಂಟೆಂಡೆಂಟ್ ತಂಗವೇಲು ಕಾಫಿ ತರಿಸಿ, ಅಂಕಿಅಂಶಗಳ ಹಾಳೆಗಳನ್ನು ಮುಂದಿಟ್ಟರು. ಸುಬ್ಬಯ್ಯನ್ ಹಾಳೆ ಮುಟ್ಟಲಿಲ್ಲ. ಸುತ್ತ ನಿಂತಿದ್ದವರನ್ನು ನೋಡಿ ತಮಿಳಿನಲ್ಲಿ, "ನಿಮ್ಮಲ್ಲಿ ಯಾರಾದರೂ ಮಗ್ಗ ಓಡುವುದನ್ನು ಹತ್ತಿರ ನಿಂತು ನೋಡಿದ್ದೀರಾ?" ಎಂದು ಕೇಳಿದರು.

ರುಕ್ಮಣಿ ಹಿಂದಿನಿಂದ, "ನಾನು ಹುಟ್ಟಿದ್ದೇ ಮಗ್ಗದ ಮನೆಯಲ್ಲಿ, ಸಾರ್," ಎಂದಳು.

ಅವರು ಅವಳಿಗೆ ಒಂದು ಕೆಲಸ ಕೊಟ್ಟರು. ಯಾವುದಾದರೂ ಒಂದು ಅರ್ಜಿ ಹುಡುಕಿ ತೆಗೆದು, ಅದು ಎಷ್ಟು ಮೇಜು ದಾಟಿತು, ಎಲ್ಲಿ ಎಷ್ಟು ದಿನ ಕೂತಿತು ಎಂದು ಬರೆದುಕೊಂಡು ಬರಬೇಕು. ರುಕ್ಮಣಿ ಮೂರು ದಿನ ದಾಖಲೆ ಕೋಣೆಯ ಧೂಳಿನಲ್ಲಿ ಕೂತಳು. ಸಿಕ್ಕಿದ್ದು ಶಿವಲಿಂಗಂ ಅವರ ಅರ್ಜಿ. ಅವಳ ಬೀದಿಯವರೇ, ತಾಯಿಯ ಕಡೆಯಿಂದ ಮಾವನ ವರಸೆ. ಎಪ್ಪತ್ತೊಂಬತ್ತರಲ್ಲಿ ನಾಲ್ಕು ಮಗ್ಗಗಳಿಗೆ ಅನುಮತಿ ಕೇಳಿದ್ದರು. ಏಳು ವರ್ಷಗಳಲ್ಲಿ ಆ ಅರ್ಜಿ ಇಪ್ಪತ್ತಮೂರು ಮೇಜು ದಾಟಿತ್ತು, ಹನ್ನೊಂದು ಸಲ ಹಿಂದಕ್ಕೆ ಬಂದಿತ್ತು. ಒಮ್ಮೆ ಪಂಚಾಯತಿಯ ಒಪ್ಪಿಗೆ ಇಲ್ಲವೆಂದು. ಒಪ್ಪಿಗೆ ತಂದಾಗ ಕಟ್ಟಡದ ನಕ್ಷೆ ಇಲ್ಲವೆಂದು. ನಕ್ಷೆ ತಂದಾಗ ಪಂಚಾಯತಿಯ ಒಪ್ಪಿಗೆಗೆ ವರ್ಷ ತುಂಬಿ ಅವಧಿ ಮುಗಿಯಿತೆಂದು. ಕೊನೆಯ ಸಲ, ಅರ್ಜಿಯ ನಮೂನೆ ಹಳೆಯದಾಯಿತೆಂದು. ಅಲ್ಲಿಗೆ ಶಿವಲಿಂಗಂ ಬರುವುದನ್ನು ಬಿಟ್ಟಿದ್ದರು. ಅರ್ಜಿ ಮಾತ್ರ ಇನ್ನೂ ಜೀವಂತವಿತ್ತು, ಯಾರೂ ಅದನ್ನು ತಿರಸ್ಕರಿಸಿರಲಿಲ್ಲ.

ಸುಬ್ಬಯ್ಯನ್ ಆ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದರಲ್ಲಿ ಕೆಟ್ಟವರು ಯಾರೂ ಇಲ್ಲವಲ್ಲಮ್ಮ. ಒಬ್ಬೊಬ್ಬರೂ ನಿಯಮದಂತೆಯೇ ಮಾಡಿದ್ದಾರೆ," ಎಂದರು.

ಅವರಿಗೆ ಇನ್ನೊಂದು ಬೇಕಿತ್ತು. ಅನುಮತಿಯಿಲ್ಲದೆ ನಡೆಯುತ್ತಿರುವ ಮಗ್ಗಗಳು ನಿಜವಾಗಿ ಎಷ್ಟು? ಕಚೇರಿಯ ಕಾಗದದ ಪ್ರಕಾರ ಒಂದೂ ಇರಲಿಲ್ಲ. ಇಲ್ಲದ ಮಗ್ಗಗಳಿಗಾಗಿ ನಿಯಮ ಬದಲಾಯಿಸಿ ಎಂದು ಸರ್ಕಾರವನ್ನು ಕೇಳುವುದು ಹೇಗೆ? ಒಂದು ಊರಿನದಾದರೂ ಲೆಕ್ಕ ಮನೆಮನೆಗೆ ಹೋಗಿ ತೆಗೆಯಬೇಕು, ಹೆಸರು, ಬಾಗಿಲ ಸಂಖ್ಯೆ, ಮಗ್ಗಗಳ ಸಂಖ್ಯೆಯೊಂದಿಗೆ. ಅಪರಿಚಿತರಿಗೆ ಜನ ಬಾಗಿಲು ತೆರೆಯುವುದಿಲ್ಲ. "ಆ ಬೀದಿಯವರ ಮನೆಮಾತು ನಿಮಗೆ ಬರುತ್ತದೆ," ಎಂದರು.

"ಹೆಸರುಗಳನ್ನು ಏನು ಮಾಡುತ್ತೀರಿ, ಸಾರ್?"

"ಸಮಿತಿಯ ಬಳಿ ಇರುತ್ತದೆ. ಬೇರೆ ಯಾತಕ್ಕೂ ಬಳಸುವುದಿಲ್ಲ. ಇದು ನನ್ನ ಮಾತು."

ಅವರು ಸುಳ್ಳು ಹೇಳುವ ಮನುಷ್ಯರಲ್ಲ ಎಂದು ಅವಳಿಗೆ ಅನಿಸಿತು. ಆ ಅನಿಸಿಕೆ ಸರಿಯಾಗಿಯೇ ಇತ್ತು. ಆದರೂ, ಹದಿಮೂರು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ಪ್ರತಿಯೊಂದನ್ನೂ ಬರಹದಲ್ಲೇ ಕೇಳಿ ಅಭ್ಯಾಸವಾದವಳು, ಆ ಒಂದು ಮಾತನ್ನು ಮಾತ್ರ ಬರಹದಲ್ಲಿ ಕೊಡಿ ಎಂದು ಕೇಳದೆ ಹೋದೆನಲ್ಲ ಎಂದು ರುಕ್ಮಣಿ ಆಮೇಲೆ ಎಷ್ಟೋ ಸಲ ಮರುಗಿದಳು.

ಹೀಗೆ ಅವಳು ಕಾಗದದ ಕಟ್ಟಿನೊಂದಿಗೆ ತನ್ನ ಬೀದಿಗೆ ಬಂದು ನಿಂತಿದ್ದಳು.

ಮೊದಲ ಮೂರು ಮನೆಗಳಲ್ಲಿ ನೀರು ಕೊಟ್ಟರು, ಕುಂಕುಮ ಕೊಟ್ಟರು, ಮಗ್ಗದ ಮಾತೆತ್ತಿದರೆ ಹೊರಗಿನ ಕೋಳಿಯ ಕಡೆ ನೋಡಿದರು. ನಾಲ್ಕನೆಯದು ಶಿವಲಿಂಗಂ ಅವರ ಮನೆ. ಐವತ್ತು ದಾಟಿದ, ಒಣಕಲು ಮೈಯ ಮನುಷ್ಯ. ಬಾಗಿಲಿಗೆ ಅಡ್ಡವಾಗಿ ನಿಂತರು. ಅವರ ಹೆಂಡತಿ ಪೊನ್ನಮ್ಮ ಒಳಗೆ ನೂಲಿನ ಕಂಡಿಕೆ ಸುತ್ತುತ್ತ, ಕಿವಿ ಇತ್ತ ಕೊಟ್ಟಿದ್ದಳು.

"ನಿನ್ನ ತೊಟ್ಟಿಲಲ್ಲಿ ನೋಡಿದವನು ನಾನು, ಕಣ್ಣು," ಎಂದರು ಶಿವಲಿಂಗಂ, ಚಿಕ್ಕಂದಿನಿಂದ ಮುದ್ದಿಗೆ ಕರೆಯುತ್ತಿದ್ದಂತೆಯೇ. "ನಿನ್ ಮೇಲೆ ಸಂದೇಹ ಇಲ್ಲೆ. ನಿನ್ ಕೈಲಿರೋ ಪೇಪರ್ ಮೇಲೆ ಸಂದೇಹ."

"ಮಾವ, ನಿಮ್ಮ ಮನು, ಆ ಹಳೇ ಅರ್ಜಿ, ಇನ್ನೂ ಆಫೀಸಲ್ಲೇ ಇದೆ. ಏಳು ವರ್ಷ. ನಾನೇ ಹುಡುಕಿ ತೆಗ್ದೆ. ಅದನ್ನ ನೋಡಿ ಆ ದೊಡ್ಡ ಆಫೀಸರು ಕಣ್ಣು ಒರೆಸ್ಕೊಂಡ್ರು."

"ಅತ್ರಾ? ಅತ್ತು ಏನ್ ಮಾಡ್ತಾರೆ?"

"ಸಟ್ಟ ಮಾತ್ತಬೇಕು ಅಂತಾರೆ. ಕಾನೂನು ಬದಲಾಯಿಸ್ಬೇಕು ಅಂದ್ರೆ ಎಷ್ಟು ಜನ, ಎಷ್ಟು ತರಿ ಅಂತ ತೋರಿಸ್ಬೇಕಲ್ಲ ಮಾವ. ನಾವು ಇಲ್ಲೇ ಇಲ್ಲ ಅಂತ ಅವರ ಬುಕ್ಕಲ್ಲಿ ಇದೆ. ಕುಪ್ಪಮ್ಮ ಸತ್ತದ್ದಕ್ಕೂ ಹಾಗೇ ಬರೆದ್ರು. ಇಲ್ಲದ ತರಿ, ಇಲ್ಲದ ವೈರು, ಹೋದವಳು ಮಾತ್ರ ಇದ್ದವಳು."

ಕುಪ್ಪಮ್ಮನ ಹೆಸರು ಕೇಳಿ ಒಳಗೆ ಪೊನ್ನಮ್ಮನ ರಾಟೆ ನಿಂತಿತು.

ಶಿವಲಿಂಗಂ ಅವಳ ಕೈಯ ಕಟ್ಟಿನತ್ತ ಬೆರಳು ತೋರಿಸಿದರು. "ನಾಳೆ ಈ ಪೇಪರ್ ಹಿಡ್ಕೊಂಡು ಜೀಪು ಬರೋಲ್ಲ ಅಂತ ನೀನು ವಾಕ್ಕು ಕೊಡ್ತೀಯಾ? ಆಫೀಸರ್ ಬೇಡ. ನೀನು."

"ಕೊಡ್ತೀನಿ ಮಾವ," ಎಂದಳು ರುಕ್ಮಣಿ.

ಅವರು ಬಾಗಿಲಿಂದ ಸರಿದರು. ನಾಲ್ಕು ಮಗ್ಗ ತೋರಿಸಿದರು. ಹೆಸರು ಹೇಳಿದರು, ಬಾಗಿಲ ಸಂಖ್ಯೆ ಹೇಳಿದರು, ತಂತಿ ಯಾರ ಮನೆಯಿಂದ ಬರುತ್ತದೆಂಬುದನ್ನೂ ಹೇಳಿದರು. ಆಮೇಲೆ ಅಂಗಿ ಹಾಕಿಕೊಂಡು ಅವಳ ಜೊತೆಗೇ ಹೊರಟರು. ಒಂದೊಂದು ಬಾಗಿಲಲ್ಲೂ ನಿಂತು, "ನಮ್ ಚೆನ್ನಕೇಶವನ್ ಮಗಳು, ಹೇಳಿ, ನಾನೂ ಬರ್ಸಿದೀನಿ," ಎಂದರು. ಒಂಬತ್ತು ದಿನಗಳಲ್ಲಿ ನೂರ ಮೂವತ್ತೊಂದು ಮನೆಗಳು, ನಾನೂರ ಹನ್ನೆರಡು ಮಗ್ಗಗಳು ಪಟ್ಟಿಗೆ ಬಂದವು. ಸುಮಾರು ಇಪ್ಪತ್ತು ಮನೆಗಳವರು ಮಾತ್ರ ಕೊನೆಯವರೆಗೂ ಬಾಗಿಲು ತೆರೆಯಲಿಲ್ಲ.

ಪಟ್ಟಿಯನ್ನು ರುಕ್ಮಣಿ ತಾನೇ ಬೆರಳಚ್ಚು ಮಾಡಿದಳು. ಅವಳ ಪಾಲಿನ ತಮಿಳು ಯಂತ್ರದಲ್ಲಿ ಒಂದು ಅಕ್ಷರ ಯಾವಾಗಲೂ ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಬೀಳುತ್ತಿತ್ತು. ಕಾರ್ಬನ್ ಹಾಕಿ ಮೂರು ಪ್ರತಿ ಮಾಡಿ, ಮೂರನ್ನೂ ತಂಗವೇಲು ಕೈಗೆ ಕೊಟ್ಟಳು. ಮೇಲಿನವರಿಗೆ ಕಳಿಸುವುದು ಅವರ ಕೆಲಸ.

ಎರಡು ತಿಂಗಳಾದ ಮೇಲೆ, ಪಂಗುಣಿಯ ಒಂದು ಮಂಗಳವಾರ ಬೆಳಿಗ್ಗೆ ಅವಳು ಬಸ್ಸಿಗೆಂದು ಹೆದ್ದಾರಿಯ ಕಡೆ ನಡೆಯುತ್ತಿದ್ದಾಗ ಎರಡು ಜೀಪುಗಳೂ ಒಂದು ಲಾರಿಯೂ ಎದುರಿಂದ ಬಂದು ಬೀದಿಯತ್ತ ತಿರುಗಿದವು. ರುಕ್ಮಣಿ ಮೊದಲು ನಿಂತಳು. ಆಮೇಲೆ ಹಿಂತಿರುಗಿ ಓಡಿದಳು.

ತಪಾಸಣಾ ದಳದವರು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಒಬ್ಬ ಮನುಷ್ಯ ಕೈಯಲ್ಲಿ ಹಾಳೆಗಳನ್ನು ಹಿಡಿದು ಬಾಗಿಲ ಸಂಖ್ಯೆ ಕೂಗುತ್ತಿದ್ದ. ಏಣಿಯವರು ಹಂಚಿನ ಮೇಲಿನ ತಂತಿ ಕತ್ತರಿಸುತ್ತಿದ್ದರು. ಇಬ್ಬರು ಒಳಹೊಕ್ಕು ಮಗ್ಗಗಳ ಮೋಟಾರು ಬಿಚ್ಚಿ ಲಾರಿಗೆ ಹಾಕುತ್ತಿದ್ದರು. ರುಕ್ಮಣಿ ಆ ಮನುಷ್ಯನ ಹತ್ತಿರ ಹೋಗಿ ಹಾಳೆ ನೋಡಿದಳು. ಸಾಲಿಗಿಂತ ಕೂದಲೆಳೆಯಷ್ಟು ಮೇಲೆ ಬಿದ್ದ ಆ ಅಕ್ಷರ ಪ್ರತಿ ಹೆಸರಿನಲ್ಲೂ ಇತ್ತು.

"ಇದು ಸಮಿತಿಯ ಕಾಗದ. ನಿಮಗೆ ಯಾರು ಕೊಟ್ಟರು?" ಎಂದು ಕೇಳಿದಳು.

"ಮೇಲಿಂದ ಬಂತು," ಎಂದ ಅವನು, ಮುಂದಿನ ಸಂಖ್ಯೆ ಹುಡುಕುತ್ತ. "ಯಾರೋ ಬಹಳ ಚೆನ್ನಾಗಿ ಬರೆದಿದ್ದಾರಮ್ಮ. ಇಷ್ಟು ಸುಲಭವಾಗಿ ಯಾವ ಊರಲ್ಲೂ ಕೆಲಸ ಆಗಿರಲಿಲ್ಲ."

ನಾಲ್ಕನೆಯ ಸಂಖ್ಯೆ ಶಿವಲಿಂಗಂ ಅವರದು. ಅವರು ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದ್ದರು. ನಾಲ್ಕೂ ಮೋಟಾರುಗಳು ಹೊರಗೆ ಹೋಗುವವರೆಗೂ ಬೈಯಲಿಲ್ಲ, ಕೈ ಮುಗಿಯಲಿಲ್ಲ. ಬೀದಿಯ ನಡುವೆ ನಿಂತ ರುಕ್ಮಣಿಯನ್ನು ಒಮ್ಮೆ ನೋಡಿದರು. ಅವಳು ಹತ್ತಿರ ಹೋಗಿ "ಮಾವ" ಎನ್ನುವಷ್ಟರಲ್ಲಿ ಒಳಗೆ ಹೋಗಿಬಿಟ್ಟರು. ಹೊರಗೆ ಬಂದವಳು ಪೊನ್ನಮ್ಮ.

"ಇನ್ನು ನಮ್ ಬಾಗ್ಲಿಗೆ ಬರ್ಬೇಡ," ಎಂದಳು, ದನಿ ಏರಿಸದೆ. "ಅವ್ರು ಊರೆಲ್ಲಾ ನಿನ್ ಜತೆ ಸುತ್ತಿದ್ರು. ಇವತ್ತು ಊರೆಲ್ಲಾ ಅವರನ್ನೂ ಕೇಳ್ತದೆ."

ಅದು ನಿಜವಾಯಿತು. ಬೀದಿ ರುಕ್ಮಣಿಯನ್ನು ಬೈದದ್ದು ಕಡಿಮೆ, ಶಿವಲಿಂಗಂ ಅವರನ್ನು ಬೈದದ್ದು ಹೆಚ್ಚು. ಬರೆದವಳು ಸರ್ಕಾರದ ಸಂಬಳದವಳು, ಬರೆಸಿದವನು ನಮ್ಮವನಲ್ಲವೇ ಎಂದರು. ತಿಂಗಳು ಕಳೆಯುವಷ್ಟರಲ್ಲಿ ಅವರು ನಾಲ್ಕೂ ಮಗ್ಗಗಳನ್ನು ಹಳೆ ಕಬ್ಬಿಣದ ತೂಕಕ್ಕೆ ಮಾರಿ, ಹೆಂಡತಿಯೊಂದಿಗೆ ಸೋಮನೂರಿಗೆ ಹೋಗಿ, ಅಲ್ಲೊಬ್ಬರ ಶೆಡ್ಡಿನಲ್ಲಿ ಕೂಲಿಗೆ ಮಗ್ಗ ಓಡಿಸಲು ಸೇರಿಕೊಂಡರು. ಹೋಗುವಾಗ ಯಾರಿಗೂ ಹೇಳಲಿಲ್ಲ.

ಕೊಳಾಯಿಯ ಹತ್ತಿರ ರುಕ್ಮಣಿ ಬಂದರೆ ಹೆಂಗಸರು ತಮ್ಮ ಕೊಡಗಳನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಅಪ್ಪ ಚೆನ್ನಕೇಶವನ್ ಎಪ್ಪತ್ತರ ಹಿರಿಯರು, ಗುಂಡಿ ಮಗ್ಗದಲ್ಲಿ ಕೈಯಿಂದ ನೇಯ್ದು ಬದುಕಿದವರು. ಚೌಡೇಶ್ವರಿ ಗುಡಿಯ ಜಗಲಿಯಲ್ಲಿ ಸಂಜೆ ಹೊತ್ತು ಕೂರುವುದು ಅವರ ಅಭ್ಯಾಸ. ಅದನ್ನು ಬಿಟ್ಟರು. ಮಗಳನ್ನು ಮಾತ್ರ ಒಂದು ದಿನವೂ ದೂರಲಿಲ್ಲ. ಅವಳೇ ಒಮ್ಮೆ ತಾಳಲಾರದೆ, "ಏನಾದ್ರೂ ಅನ್ನಪ್ಪಾ," ಎಂದಾಗ ಅವರು, "ನೀನು ಕೊಟ್ಟ ವಾಕ್ಕು. ಹೇಗೆ ಕಾಪಾಡ್ತೀಯ ಅಂತ ನೀನೇ ನೋಡು," ಎಂದರು. ಅಷ್ಟೇ.

ಅವಳು ರಜೆ ಹಾಕಿ ಸುಬ್ಬಯ್ಯನ್ ಅವರನ್ನು ಹುಡುಕಿಕೊಂಡು ಹೋದಳು. ಅವರಿಗೆ ಸುದ್ದಿಯೇ ಗೊತ್ತಿರಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಅವರು ಅಲ್ಲಿಂದಲೇ ನಾಲ್ಕು ಕಡೆ ಫೋನು ಮಾಡಿದಾಗ ನಡೆದದ್ದು ತಿಳಿಯಿತು. ಇನ್ನೊಂದು ಶಾಖೆಯವರು, ಅನುಮತಿಯಿಲ್ಲದ ಮಗ್ಗಗಳ ಬಗ್ಗೆ ಏನಾದರೂ ಮಾಹಿತಿ ಇದೆಯೇ ಎಂದು ಎಂದಿನಂತೆ ಪತ್ರ ಬರೆದಿದ್ದರು. ತಂಗವೇಲು ಎಂದಿನಂತೆ ಒಂದು ಪ್ರತಿಯನ್ನು ಅವಗಾಹನೆಗಾಗಿ ಎಂದು ಬರೆದು ಕಳಿಸಿದ್ದರು. ಯಾರ ಮನಸ್ಸಿನಲ್ಲೂ ದ್ವೇಷವಿರಲಿಲ್ಲ.

"ನನ್ನ ಮಾತು ಎಂದಿರಿ, ಸಾರ್," ಎಂದಳು ರುಕ್ಮಣಿ.

"ಎಂದೆ." ಅವರು ಫೋನನ್ನು ಪಕ್ಕಕ್ಕೆ ಸರಿಸಿದರು. "ನನ್ನ ಮಾತು ನನ್ನ ಕೋಣೆಯ ಬಾಗಿಲವರೆಗೆ ಮಾತ್ರ ನಡೆಯುತ್ತದೆ ಎಂದು ಈ ವಯಸ್ಸಿಗಾದರೂ ನನಗೆ ಗೊತ್ತಿರಬೇಕಿತ್ತು."

ಆಡಿ ತಿಂಗಳಲ್ಲಿ ಕೊಯಮತ್ತೂರಿನಲ್ಲಿ ಸಮಿತಿಯ ಬಹಿರಂಗ ವಿಚಾರಣೆ ಇದೆ, ಸಾಕ್ಷಿ ಹೇಳಲು ಯಾರು ಬೇಕಾದರೂ ಬರಬಹುದು ಎಂದು ಅವರು ತಿಳಿಸಿದರು. ಬನ್ನಿ ಎಂದು ಕರೆಯಲಿಲ್ಲ. ಕರೆಯುವ ಹಕ್ಕು ತಮಗೆ ಉಳಿದಿಲ್ಲವೆಂದು ಭಾವಿಸಿದ್ದರೋ ಏನೋ.

ವಿಚಾರಣೆಯ ಹಿಂದಿನ ದಿನ ತಂಗವೇಲು ಅವಳನ್ನು ಕರೆದು ಕೂರಿಸಿದರು. ಅವರೂ ಕ್ರೂರಿಯಲ್ಲ. ಮೂವರು ಹೆಣ್ಣುಮಕ್ಕಳ ತಂದೆ. "ಕಚೇರಿಯೊಳಗಿನ ವಿಷಯವನ್ನು ಹೊರಗೆ ಹೇಳಿದರೆ ನಡತೆ ನಿಯಮದ ಪ್ರಕಾರ ನಾನು ವರದಿ ಮಾಡಲೇಬೇಕಮ್ಮ. ನಿಮ್ಮ ಮೇಲೆ ಕೋಪದಿಂದಲ್ಲ," ಎಂದರು.

"ಮಾಡಿ ಸಾರ್. ನೀವು ನಿಯಮದಂತೆ ಮಾಡುತ್ತೀರೆಂದು ನನಗೆ ಗೊತ್ತು," ಎಂದಳು ರುಕ್ಮಣಿ.

ಸಭಾಂಗಣದಲ್ಲಿ ಬೆಳಗಿನಿಂದ ದೊಡ್ಡ ದೊಡ್ಡವರು ಮಾತಾಡಿದರು. ಮಿಲ್ಲುಗಳ ಪರವಾಗಿ ಬಂದವರು ಅನುಮತಿಯಿಲ್ಲದ ಮಗ್ಗಗಳನ್ನು ಮುಚ್ಚಿಸಬೇಕೆಂದರು. ವ್ಯಾಪಾರಿಗಳ ಸಂಘದವರು ಎಲ್ಲ ನಿಯಮಗಳನ್ನೂ ತೆಗೆದುಹಾಕಿ ಎಂದರು. ಮಧ್ಯಾಹ್ನದ ನಂತರ ರುಕ್ಮಣಿ ಎದ್ದಳು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

ಮೊದಲು ಶಿವಲಿಂಗಂ ಅವರ ಅರ್ಜಿ ನಡೆದ ದಾರಿಯನ್ನು ಓದಿದಳು. ಇಪ್ಪತ್ತಮೂರು ಮೇಜುಗಳನ್ನೂ ಒಂದೊಂದಾಗಿ, ತಾರೀಖಿನೊಂದಿಗೆ. ಹಳೆಯ ನಮೂನೆಯ ಮಾತು ಬಂದಾಗ ಯಾರೋ ನಕ್ಕರು, ನಗು ಅಲ್ಲೇ ನಿಂತಿತು. ಆಮೇಲೆ ಕುಪ್ಪಮ್ಮನ ಬಗ್ಗೆ ಹೇಳಿದಳು. ಕೊನೆಗೆ ಪಟ್ಟಿಯ ಬಗ್ಗೆ.

"ಕಾನೂನು ಬೇಡವೆಂದು ನಾನು ಹೇಳುವುದಿಲ್ಲ. ತಂತಿ ಸರಿಯಿದೆಯೇ ಎಂದು ಯಾರಾದರೂ ಬಂದು ನೋಡಿದ್ದರೆ ನನ್ನ ಗೆಳತಿ ಬದುಕಿರುತ್ತಿದ್ದಳು. ಬಂದು ನೋಡಲಿ ಎಂದೇ ಆ ಜನ ತಮ್ಮ ಹೆಸರು ಕೊಟ್ಟರು. ಏಳು ವರ್ಷ ಕಾದು ಸಾಕಾದವರೂ ಇನ್ನೊಮ್ಮೆ ನಂಬಿ ಕೊಟ್ಟರು. ಅವರ ಮನೆಯ ಬಾಗಿಲಲ್ಲಿ ನಿಂತು ಮಾತು ಕೊಟ್ಟವಳು ನಾನು. ನಂಬಿದವರ ಮೋಟಾರು ಹೋಯಿತು, ಬಾಗಿಲು ಹಾಕಿಕೊಂಡವರದು ಉಳಿಯಿತು. ಇನ್ನು ಸರ್ಕಾರಕ್ಕೆ ಯಾರು ನಿಜ ಹೇಳುತ್ತಾರೆ? ಇದನ್ನು ದಾಖಲು ಮಾಡಿಕೊಳ್ಳಬೇಕು."

ಸುಬ್ಬಯ್ಯನ್ ಪಕ್ಕದಲ್ಲಿದ್ದ ಶೀಘ್ರಲಿಪಿಕಾರನಿಗೆ, "ಪ್ರತಿ ಮಾತೂ," ಎಂದರು. ಆಮೇಲೆ ತಾವೂ ಎದ್ದು ನಿಂತು, ಆ ಮಾತನ್ನು ಕೊಡಿಸಿದವನು ಸಮಿತಿಯ ಅಧ್ಯಕ್ಷನೆಂದೂ ಅದನ್ನೂ ಬರೆದುಕೊಳ್ಳಬೇಕೆಂದೂ ಹೇಳಿದರು.

ಹದಿನೈದು ದಿನಗಳಲ್ಲಿ ರುಕ್ಮಣಿಗೆ ವರ್ಗಾವಣೆಯ ಆದೇಶ ಬಂತು. ಉಡುಮಲೈಪೇಟೆಯ ಒಂದು ಸಣ್ಣ ಕಚೇರಿಯ ದಾಖಲೆ ಕೋಣೆಗೆ. ಆ ವರ್ಷದ ಸಂಬಳದ ಏರಿಕೆಯೂ ನಿಂತಿತು. ದಿನಕ್ಕೆ ನಾಲ್ಕೂವರೆ ಗಂಟೆ ಬಸ್ಸಿನಲ್ಲೇ ಕಳೆಯುತ್ತ ಅವಳು ಒಂದೂವರೆ ವರ್ಷ ಅಲ್ಲಿಗೆ ಹೋಗಿಬಂದಳು. ಆ ನಡುವೆ ಅಪ್ಪ ಮತ್ತೆ ಗುಡಿಯ ಜಗಲಿಗೆ ಹೋಗತೊಡಗಿದ್ದರು. ವಿಚಾರಣೆಯ ಸುದ್ದಿ ಹೇಗೋ ಬೀದಿಗೆ ತಲುಪಿತ್ತು. ಯಾರೂ ಬಂದು ಏನೂ ಹೇಳಲಿಲ್ಲ, ಆದರೆ ಒಂದು ದಿನ ಕೊಳಾಯಿಯ ಹತ್ತಿರ ಅವಳ ಕೊಡ ತುಂಬಿ ಪಕ್ಕಕ್ಕೆ ಇಟ್ಟಿದ್ದರು.

ಎಂಬತ್ತೆಂಟರ ಆರಂಭದಲ್ಲಿ ಸರ್ಕಾರದ ಆದೇಶ ಹೊರಬಿತ್ತು. ಸಮಿತಿ ಕೇಳಿದ್ದರಲ್ಲಿ ಅರ್ಧಕ್ಕಿಂತ ಕಡಿಮೆಯೇ ಸಿಕ್ಕಿತ್ತು. ಆದರೆ ಸಿಕ್ಕಿದ್ದು ಸಣ್ಣದಲ್ಲ. ಅನುಮತಿಗೆ ಇನ್ನು ಒಂದೇ ಅರ್ಜಿ. ಮೂವತ್ತು ದಿನಗಳಲ್ಲಿ ಉತ್ತರ ಬರದಿದ್ದರೆ ಅನುಮತಿ ಸಿಕ್ಕಿದಂತೆಯೇ ಲೆಕ್ಕ. ಸಂಪರ್ಕ ಕೊಡುವ ಮುನ್ನ ತಂತಿಯ ತಪಾಸಣೆ ಕಡ್ಡಾಯ, ಅದನ್ನು ಸರ್ಕಾರವೇ ಮಾಡಬೇಕು. ಇನ್ನೊಂದು ಸಾಲೂ ಇತ್ತು: ಎಂಬತ್ತಾರರ ಎಣಿಕೆಯ ಪಟ್ಟಿಯಲ್ಲಿ ಹೆಸರಿದ್ದವರು ಹೊಸ ಅರ್ಜಿ ಹಾಕಬೇಕಾಗಿಲ್ಲ, ಅವರಿಗೆ ನೇರವಾಗಿ ಅನುಮತಿ.

ಮೋಟಾರು ಕಳೆದುಕೊಂಡವರ ಪೈಕಿ ಹೆಚ್ಚಿನವರು ಆಗಲೇ ಹೇಗೋ ಬೇರೆ ಮೋಟಾರು ಹೊಂದಿಸಿಕೊಂಡು, ತಂತಿ ಮತ್ತೆ ಎಳೆದುಕೊಂಡು ನೇಯುತ್ತಿದ್ದರು. ಅವರಿಗೆಲ್ಲ ಆ ಕಾಗದ ಬಂತು. ಶಿವಲಿಂಗಂ ಅವರ ಹೆಸರಿನ ಕಾಗದ, ವಿಳಾಸದಲ್ಲಿ ಯಾರೂ ಇಲ್ಲವೆಂದು ಕಚೇರಿಗೆ ಹಿಂದಿರುಗಿತು. ತಂಗವೇಲು ಅದನ್ನು ಒಂದು ಲಕೋಟೆಯಲ್ಲಿಟ್ಟು ಉಡುಮಲೈಪೇಟೆಗೆ, ರುಕ್ಮಣಿಯ ಹೆಸರಿಗೆ ಕಳಿಸಿದರು. ಜೊತೆಗೆ ಒಂದು ಚೀಟಿ ಕೂಡ ಇರಲಿಲ್ಲ. ಹಾಗೆ ಕಳಿಸಲು ಯಾವ ನಿಯಮವೂ ಇರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಭಾನುವಾರ ಅವಳು ಸೋಮನೂರಿಗೆ ಹೋದಳು. ಶೆಡ್ಡಿನ ಹಿಂದೆ ಸಾಲಾಗಿ ಕಟ್ಟಿದ ಕೋಣೆಗಳಲ್ಲಿ ಒಂದರ ಮುಂದೆ ಪೊನ್ನಮ್ಮ ಅಕ್ಕಿ ಆರಿಸುತ್ತಿದ್ದಳು. ರುಕ್ಮಣಿಯನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಶಿವಲಿಂಗಂ ಒಳಗೆ ಚಾಪೆಯ ಮೇಲಿದ್ದರು. ಇನ್ನೂ ಒಣಗಿದ್ದರು. ಎದೆಯಲ್ಲಿ ಹತ್ತಿಯ ಧೂಳಿನ ಕೆಮ್ಮು ಕೂತಿತ್ತು.

ಅವಳು ಕಾಗದ ಅವರ ಮುಂದಿಟ್ಟಳು. ಅವರು ತಮಿಳು ಓದಬಲ್ಲವರು. ನಿಧಾನವಾಗಿ ಪೂರ್ತಿ ಓದಿದರು.

"ಒಂಬತ್ತು ವರ್ಷ," ಎಂದರು. "ತರಿ ಇದ್ದಾಗ ಪೇಪರ್ ಇಲ್ಲೆ. ಪೇಪರ್ ಬಂದಾಗ ತರಿ ಇಲ್ಲೆ."

"ಮಾವ, ನಾನು ಕೊಟ್ಟ ವಾಕ್ಕು..."

"ಅದು ಹೋಯ್ತು," ಎಂದರು ಅವರು. ದನಿಯಲ್ಲಿ ಕಹಿ ಇರಲಿಲ್ಲ. ಸತ್ತವರ ಬಗ್ಗೆ ಹೇಳುವಂತೆ ಹೇಳಿದರು. "ನೀನು ದೊಡ್ಡವರ ಮುಂದೆ ನಿಂತು ನನ್ ಮನು ಓದಿದೆ ಅಂತ ಕೇಳ್ದೆ. ಅದು ಬೇರೆ. ಇದು ಬೇರೆ. ಒಂದರಿಂದ ಇನ್ನೊಂದು ಸರಿಯಾಗೋಲ್ಲ, ಕಣ್ಣು."

ರುಕ್ಮಣಿ ತಲೆ ತಗ್ಗಿಸಿದಳು. ಅವಳು ಕ್ಷಮೆ ಕೇಳಲು ಬಂದಿದ್ದಳು. ಕೇಳಿದರೆ ಅವರಿಗೆ ಕೊಡಬೇಕಾಗುತ್ತದೆ, ಆ ಭಾರವನ್ನೂ ಅವರ ಮೇಲೆ ಹೊರಿಸುವುದು ಬೇಡ ಎಂದು ಆ ಕ್ಷಣಕ್ಕೆ ಅನಿಸಿ ಸುಮ್ಮನಾದಳು.

ಬಾಗಿಲಲ್ಲಿ ನಿಂತಿದ್ದ ಪೊನ್ನಮ್ಮ ಮೊರ ಕೆಳಗಿಟ್ಟು ಒಳಗೆ ಬಂದಳು. "ಆ ಪೇಪರ್ ನನ್ ಹೆಸರಿಗೆ ಮಾತ್ತಬಹುದಾ?" ಎಂದು ಕೇಳಿದಳು.

ಇಬ್ಬರೂ ಅವಳ ಕಡೆ ನೋಡಿದರು.

"ಇವರಿಗೆ ಇನ್ನು ಆಗೋಲ್ಲ. ನನಗೆ ಆಗ್ತದೆ. ಇಲ್ಲಿ ಎರಡು ವರ್ಷ ನಾನೂ ತರಿ ಓಡಿಸಿದೀನಿ. ನಮ್ ಮನೆ ಅಲ್ಲೇ ಬೀಗ ಪೂಟ್ಟಿ ಬಿದ್ದಿದೆ. ಶೆಡ್ಡಿನವರು ಹಳೇ ತರಿ ಒಂದು ಕೊಡ್ತೀನಿ ಅಂದಿದಾರೆ. ಕರೆಂಟು ಕೇಳೋಕೆ ಆ ಪೇಪರ್ ಬೇಕು ತಾನೆ?"

"ಮಾತ್ತಬಹುದು ಅತ್ತೆ. ಒಂದೇ ಅರ್ಜಿ. ಮೂವತ್ತು ದಿನ."

"ಹಾಗಾದ್ರೆ ಬರಿ," ಎಂದು ಪೊನ್ನಮ್ಮ ಎದುರಿಗೆ ಕೂತಳು. "ಇನ್ನೊಂದು ಸಲ ಬರಿ. ಈ ಸಲ ನನಗೆ ಓದಿ ಕೇಳ್ಸಿ ಆಮೇಲೆ ಕೆಳಗೆ ನನ್ ಕೈಯೆಳುತ್ತು ಹಾಕಿಸ್ಕೊ."

ಇಪ್ಪತ್ತೆಂಟನೇ ದಿನ ಉತ್ತರ ಬಂತು. ಚಿತ್ತಿರೈ ತಿಂಗಳ ಕೊನೆಗೆ ಆ ಬಾಗಿಲ ಬೀಗ ತೆಗೆದು, ಒಂದು ಮಗ್ಗ ಹೂಡಿದರು. ತಂತಿ ಪರೀಕ್ಷಿಸಲು ಬಂದ ನೌಕರ ಎರಡು ಕಡೆ ತಪ್ಪಿದೆಯೆಂದು ಹೇಳಿ, ಸರಿಮಾಡಿಸಿ ಮತ್ತೆ ಬಂದು ನೋಡಿ ಸಹಿ ಹಾಕಿದ. ಶಿವಲಿಂಗಂ ಗೋಡೆಗೊರಗಿ ಕೂತು ಅದನ್ನೆಲ್ಲ ನೋಡಿದರು. ಆ ಮಳೆಗಾಲ ದಾಟುವ ಮೊದಲೇ ತೀರಿಕೊಂಡರು. ರುಕ್ಮಣಿ ಹೋಗಿದ್ದಳು. ಅವಳು ಹೆಂಗಸರ ಸಾಲಿನಲ್ಲಿ ಕೂತಾಗ ಪಕ್ಕದವರು ಜಾಗ ಬಿಟ್ಟುಕೊಟ್ಟರು.

ಆ ವರ್ಷದ ಕೊನೆಗೆ ಸುಬ್ಬಯ್ಯನ್ ಅವರಿಂದ ಪತ್ರ ಬಂತು. ನಿವೃತ್ತರಾದ ಮೇಲೂ ಸರ್ಕಾರ ಅವರನ್ನು ಉಳಿಸಿಕೊಂಡಿತ್ತು. ಪಲ್ಲಡಂ ಸುತ್ತಿನ ಹಳ್ಳಿಗಳಲ್ಲಿ ಎಣಿಕೆ ಆಗಬೇಕು, ನೀವು ಒಪ್ಪುವಿರಾ ಎಂದು ಕೇಳಿದ್ದರು. ರುಕ್ಮಣಿ ಎರಡು ವಾರ ಉತ್ತರ ಬರೆಯಲಿಲ್ಲ. ಬರೆದಾಗ ಒಂದು ಪುಟ ಬರೆದಳು. ಪಟ್ಟಿಯಲ್ಲಿನ ಹೆಸರುಗಳನ್ನು ಅನುಮತಿ ಕೊಡುವುದಕ್ಕಲ್ಲದೆ ಬೇರೆ ಯಾವುದಕ್ಕೂ, ಬೇರೆ ಯಾವ ಶಾಖೆಗೂ ಕೊಡತಕ್ಕದ್ದಲ್ಲ ಎಂದು ಸರ್ಕಾರದ ಆದೇಶವೇ ಆಗಬೇಕು, ಅದು ಗೆಜೆಟ್ಟಿನಲ್ಲಿ ಅಚ್ಚಾಗಬೇಕು, ಅಚ್ಚಾದ ಪ್ರತಿ ತನ್ನ ಕೈಗೆ ಬಂದ ಮೇಲೆ ಮೊದಲ ಮನೆಗೆ ಹೋಗುತ್ತೇನೆ. ಐದು ತಿಂಗಳು ಕಾಯಬೇಕಾಯಿತು. ಕಾದಳು.

ಪಲ್ಲಡಂ ಕಡೆಯ ಒಂದು ಹಳ್ಳಿಯಲ್ಲಿ ಅವಳು ಹೋದ ಮೊದಲ ಮನೆ ಅಂಗಮ್ಮ ಎಂಬ ವೃದ್ಧೆಯದು. ಅಲ್ಲೂ ಕನ್ನಡದ ಮನೆಗಳೇ. ಒಳಗೆ ಓಡುತ್ತಿದ್ದ ಮಗ್ಗ ಅವಳನ್ನು ಕಂಡೊಡನೆ ನಿಂತಿತು. ರುಕ್ಮಣಿ ಜಗಲಿಯ ಅಂಚಿನಲ್ಲಿ ಕೂತು, ಅಚ್ಚಾದ ಆದೇಶದ ಪ್ರತಿಗಳಲ್ಲಿ ಒಂದನ್ನು ಚೀಲದಿಂದ ತೆಗೆದು, ತಮಿಳಿನಲ್ಲಿದ್ದುದನ್ನು ಮನೆಮಾತಿನಲ್ಲಿ ಒಂದೊಂದೇ ಸಾಲು ಬಿಡಿಸಿ ಹೇಳಿದಳು.

ಅಂಗಮ್ಮ ಪೂರ್ತಿ ಕೇಳಿಸಿಕೊಂಡಳು. "ನನಗೆ ಓದು ಬರೋಲ್ಲ ತಾಯಿ," ಎಂದಳು. "ಬರೆಯೋಳೂ ನೀನೇ. ಓದಿ ಹೇಳೋಳೂ ನೀನೇ. ನಾನು ಏನ ನಂಬ್ಲಿ?"

ರುಕ್ಮಣಿಗೆ ಆ ಪ್ರಶ್ನೆ ಸರಿಯೆನಿಸಿತು. ಮಾತು ಕೊಡುತ್ತೇನೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಆದೇಶವನ್ನು ಮಡಿಸಿ ಅಂಗಮ್ಮನ ಕೈಗೆ ಕೊಟ್ಟಳು.

"ಇದನ್ನ ನೀವೇ ಇಟ್ಕೊಳಿ. ಓದು ಬಲ್ಲ ನಿಮ್ಮವರು ಯಾರಿದ್ದಾರೋ, ಇಬ್ಬರು ಮೂವರ ಹತ್ರ ಬೇರೆ ಬೇರೆ ಓದ್ಸಿ ಕೇಳಿ. ನಾನು ನಾಳಿದ್ದು ಬರ್ತೀನಿ. ನೀವು ಬೇಡ ಅಂದ್ರೆ ಹಾಗೇ ಹೋಗ್ತೀನಿ."

ಅವಳು ಎದ್ದು ಮುಂದಿನ ಮನೆಯ ಕಡೆ ನಡೆದಳು. ಅಂಗಮ್ಮ ಕಾಗದವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಓದು ಬಲ್ಲವರು ಯಾರು ಮನೆಯಲ್ಲಿದ್ದಾರೆಂದು ಬೀದಿಯ ಆ ಬದಿಗೆ ನೋಡುತ್ತ ನಿಂತಳು.